ಮಾರ್ಗಿಟ್ ಹತ್ತಿರ ಸಿಕ್ಕಿಬಿದ್ದಿದ್ದೀರಾ? ಮೊದಲು ದಕ್ಷಿಣಕ್ಕೆ ಹೋಗಿ

ಗುರೂ, ಅನ್‌ಇನ್‌ಸ್ಟಾಲ್ ಮಾಡೋಕೆ ಮುಂಚೆ ಇದನ್ನು ಓದಿ. ವಾರಪೂರ್ತಿ ಮೂರು ಗೇಮ್ ಆಡಿ ಮೂರಕ್ಕೂ ಬೈದು ಪೋಸ್ಟ್ ಹಾಕಿದ್ದೀರಿ. ಎಲ್ಡೆನ್ ರಿಂಗ್ ಬರೀ ಅನ್ಯಾಯ, ಅದರ ಮೊದಲ ದೊಡ್ಡ ಬಾಸ್ ಮಾರ್ಗಿಟ್‌ನನ್ನೇ ದಾಟೋಕೆ ಆಗ್ತಿಲ್ಲ, ಸಿಲ್ಕ್‌ಸಾಂಗ್ ಅದರ ಅಪ್ಪ, ಬೇಸಾಯದ ಗೇಮ್ ಸ್ಟಾರ್‌ಡ್ಯೂ ವ್ಯಾಲಿ ಆಡಿದರೆ ನಿದ್ದೆ ಬರುತ್ತೆ ಅಂತ. ಅದು ನಿಮ್ಮ ಅಭಿಪ್ರಾಯ, ತಕರಾರಿಲ್ಲ. ಆದರೆ ಜೊತೆಗೆ ಹಾಕಿದ ಸ್ಕ್ರೀನ್‌ಶಾಟ್ ನೋಡಿ ಸುಮ್ನಿರೋಕೆ ಆಗಲಿಲ್ಲ. ಹೀರೋ ಕ್ಲಾಸ್, ಲೆವೆಲ್ 18, ಸ್ಟ್ರೆಂತ್ 27. ಜೀವ ಹೆಚ್ಚಿಸೋ ವಿಗರ್ ಮಾತ್ರ ಶುರುವಿನ 14 ಇದ್ದಿದ್ದು ಹಾಗೇ ಇದೆ. ಬ್ಯಾಟಲ್ ಆಕ್ಸ್ ಪ್ಲಸ್ ಸೊನ್ನೆ, ಅಂದರೆ ಒಂದು ಸಲವೂ ಅಪ್‌ಗ್ರೇಡ್ ಮಾಡಿಲ್ಲ. 2022ರಲ್ಲಿ ಗೇಮ್ ಬಂದ ಹೊಸದರಲ್ಲಿ ನಾನೂ ಥೇಟ್ ಇದೇ ಬಿಲ್ಡ್ ಹಿಡ್ಕೊಂಡು ಮಾರ್ಗಿಟ್ ಇರೋ ಅದೇ ಸೇತುವೆ ಮೇಲೆ ಒದೆ ತಿಂದಿದ್ದೆ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಗ್ರೇಸ್‌ನಿಂದ (ಸುಧಾರಿಸ್ಕೊಳ್ಳೋ ಜಾಗ) ಹೊರಡುವ ಆ ಚಿನ್ನದ ಗೆರೆಯನ್ನು ನಂಬಿ ನೇರ ಮಾರ್ಗಿಟ್ ಕಾಯೋ ಸ್ಟಾರ್ಮ್‌ವೇಲ್ ಕೋಟೆಗೆ ಹೋಗಿದ್ದೀರಿ. ಅದು ಕಥೆಯ ದಿಕ್ಕು ತೋರಿಸುತ್ತೆ ಅಷ್ಟೇ. ಈಗಲೇ ಬಾ ಅಂತ ಯಾರೂ ಕರೆದಿಲ್ಲ. ಗೇಮ್ ಶುರುವಾಗೋ ಲಿಮ್‌ಗ್ರೇವ್‌ನ ದಕ್ಷಿಣದ ಸೇತುವೆ ದಾಟಿದರೆ ವೀಪಿಂಗ್ ಪೆನಿನ್ಸುಲಾ. ಮೊದಲು ಅಲ್ಲಿಗೆ ಹೋಗಿ. ಅಲ್ಲಿ ಮೂರು ಚರ್ಚ್‌ಗಳಿವೆ, ಮೂರರಲ್ಲೂ ಒಂದೊಂದು ಸೇಕ್ರೆಡ್ ಟಿಯರ್, ಅದು ಫ್ಲಾಸ್ಕ್‌ನ (ಜೀವ ತುಂಬೋ ಮದ್ದು) ಶಕ್ತಿ ಹೆಚ್ಚಿಸುತ್ತೆ. ಲಿಮ್‌ಗ್ರೇವ್‌ನ ಥರ್ಡ್ ಚರ್ಚ್ ಆಫ್ ಮರೀಕಾದಲ್ಲಿ ಇನ್ನೊಂದು, ಜೊತೆಗೆ ಫಿಸಿಕ್ ಫ್ಲಾಸ್ಕ್ ಕೂಡ. ಟಿಯರ್ ಒಟ್ಟು ನಾಲ್ಕು ಆಯ್ತು. ಮಾರ್ಗಿಟ್ ಮುಂದೆ ಒಂದು ಗುಟುಕಿಗೆ ಅರ್ಧ ಬಾರ್ ತುಂಬೋದಕ್ಕೂ ಕಾಲು ಬಾರ್ ತುಂಬೋದಕ್ಕೂ ಎಷ್ಟು ವ್ಯತ್ಯಾಸ ಅಂತ ಆಡಿದ ಮೇಲೆ ಗೊತ್ತಾಗುತ್ತೆ.

ರೂನ್ (ಲೆವೆಲ್ ಏರಿಸೋಕೂ ಖರೀದಿಗೂ ಬಳಸೋ ಹಣ) ಬಂದಿದ್ದೆಲ್ಲ ಈಗ ವಿಗರ್‌ಗೆ. ವಿಗರ್ 14ಕ್ಕೆ ಎಚ್‌ಪಿ (ಜೀವ) 500ರ ಆಸುಪಾಸು, 25ಕ್ಕೆ 800, 40ಕ್ಕೆ 1450. ಶುರುವಿನಲ್ಲಿ ಡ್ಯಾಮೇಜ್ ಬರೋದು ಸ್ಟ್ರೆಂತ್‌ನಿಂದ ಅಲ್ಲ, ಆಯುಧದ ಅಪ್‌ಗ್ರೇಡ್‌ನಿಂದ. ಪ್ಲಸ್ ಸೊನ್ನೆ ಕೊಡಲಿಗೆ ಸ್ಟ್ರೆಂತ್ ಸುರಿದರೆ ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ. ಪ್ಲಸ್ 3ರವರೆಗೆ ಒಟ್ಟು 12 ಸ್ಮಿತಿಂಗ್ ಸ್ಟೋನ್ ಸಾಕು, ಅಷ್ಟನ್ನು ಚರ್ಚ್ ಆಫ್ ಎಲ್ಲೆಯ ಕುಲುಮೆಯಲ್ಲೇ ಮಾಡ್ಕೊಳ್ಳಬಹುದು. ಕಲ್ಲು ಸಿಗೋದು ಲಿಮ್‌ಗ್ರೇವ್ ಟನಲ್ಸ್ ಮತ್ತು ಮೋರ್ನ್ ಟನಲ್‌ನಲ್ಲಿ. ಅದಕ್ಕೂ ಮೇಲೆ ಬೇಕಿದ್ದರೆ ರೌಂಡ್‌ಟೇಬಲ್‌ನ ಕಮ್ಮಾರ ಹ್ಯೂಗ್.

ಸ್ಟ್ರೆಂತ್ 27 ಪೂರ್ತಿ ದಂಡ ಅಂತಲೂ ಹೇಳಲ್ಲ. ಪೆನಿನ್ಸುಲಾದ ತುದಿಯಲ್ಲಿ ಕ್ಯಾಸಲ್ ಮೋರ್ನ್ ಇದೆಯಲ್ಲ, ಅಲ್ಲಿ ಲಿಯೋನೈನ್ ಮಿಸ್‌ಬಿಗಾಟನ್ ಅನ್ನೋ ಬಾಸನ್ನು ಹೊಡೆದರೆ ಗ್ರಾಫ್ಟೆಡ್ ಬ್ಲೇಡ್ ಗ್ರೇಟ್‌ಸೋರ್ಡ್ ಅನ್ನೋ ದೊಡ್ಡ ಕತ್ತಿ ಸಿಗುತ್ತೆ. ಅದಕ್ಕೆ ಸ್ಟ್ರೆಂತ್ 40 ಬೇಕು. ಎರಡು ಕೈಯಲ್ಲಿ ಹಿಡಿದರೆ ನಿಮ್ಮ ಸ್ಟ್ರೆಂತ್ ಒಂದೂವರೆ ಪಟ್ಟು ಲೆಕ್ಕ, ಅಂದರೆ 27ಕ್ಕೆ ಸರಿಯಾಗಿ 40. ಡೆಕ್ಸ್ (ಚುರುಕುತನ) 14 ಕೇಳುತ್ತೆ, ಹೀರೋಗೆ ಶುರುವಿನಲ್ಲಿ 9 ಇರೋದು, ಅಲ್ಲಿಗೆ ಐದು ಲೆವೆಲ್ ಹೋಯ್ತು. ತೂಕ 21. ಇಷ್ಟು ತೂಕ ಹೊತ್ತು ಮೈ ತುಂಬ ಕಬ್ಬಿಣ ಹಾಕ್ಕೊಂಡರೆ ಎಕ್ವಿಪ್ ಲೋಡ್ (ಹೊತ್ತ ತೂಕ) 70 ಪರ್ಸೆಂಟ್ ದಾಟಿ ಏಟು ತಪ್ಪಿಸೋ ಚುರುಕಾದ ರೋಲ್ ಬದಲು ನಿಧಾನದ ಉರುಳಾಟ ಶುರುವಾಗುತ್ತೆ. ಬೇಕಿದ್ದರೆ ಎದೆಯ ಆರ್ಮರ್ ಬಿಚ್ಚಿ, ಮರ್ಯಾದೆ ಹೋಗಲ್ಲ. ಇನ್ನೊಂದು, ಆ ಕತ್ತಿಯ ಅಪ್‌ಗ್ರೇಡ್‌ಗೆ ಸೋಂಬರ್ ಸ್ಟೋನ್ ಬೇಕು, ಮಾಮೂಲಿ ಕಲ್ಲು ನಡೆಯಲ್ಲ. ಹಾಗಾಗಿ ಕೊಡಲಿಗೆ ಕಲ್ಲು ಹಾಕೋದನ್ನು ನಿಲ್ಲಿಸಬೇಡಿ.

ಈಗ ಮುಖ್ಯ ವಿಷಯ. ನನ್ನ ಮಾತು ಕೇಳಿದವರು ಕೇಳಿದ್ದಾರೆ, ನಕ್ಕವರು ನಕ್ಕಿದ್ದಾರೆ. ಮಾರ್ಗಿಟ್ ಹತ್ತಿರ ವಾಪಸ್ ಹೋದಾಗ ಮೊದಲ ಕೆಲವು ಸಲ ಹೊಡೆಯಲೇಬೇಡಿ. ರೂನ್ ಎಲ್ಲ ಖರ್ಚು ಮಾಡಿ ಖಾಲಿ ಕೈಯಲ್ಲಿ ಒಳಗೆ ಹೋಗಿ, ಅಟ್ಯಾಕ್ ಬಟನ್ ಮುಟ್ಟಬೇಡಿ. ಅವನ ಕೋಲನ್ನೂ ನೋಡಬೇಡಿ, ಭುಜ ನೋಡಿ. ಕೋಲು ಮೇಲೆತ್ತುತ್ತಾನೆ, ಅಲ್ಲೇ ಹಿಡ್ಕೊಂಡು ನಿಲ್ಲುತ್ತಾನೆ. ಎಲ್ಲರೂ ಆ ಎತ್ತಿದ ಕ್ಷಣಕ್ಕೇ ರೋಲ್ ಹೊಡೀತಾರೆ. ರೋಲ್ ಮುಗಿದು ನೀವು ಎದ್ದು ನಿಲ್ಲೋ ಹೊತ್ತಿಗೆ ಸರಿಯಾಗಿ ಕೋಲು ತಲೆ ಮೇಲೆ ಬೀಳುತ್ತೆ. ಅವನನ್ನು ಮಾಡಿರೋದೇ ಹಾಗೆ, ಗಾಬರಿ ಬಿದ್ದವರನ್ನು ಹಿಡಿಯೋಕೆ. ಭುಜ ಕೆಳಗೆ ಇಳಿಯೋಕೆ ಶುರುವಾದಾಗ ರೋಲ್ ಮಾಡಿ, ಅದೂ ಹಿಂದಕ್ಕಲ್ಲ, ಅವನ ಪಕ್ಕಕ್ಕೆ ನುಗ್ಗಿ. ಒಂದು ನಿಮಿಷ ಹೊಡೆತ ತಿನ್ನದೆ ಉಳಿಯೋದು ಬಂದರೆ ಆಮೇಲೆ ಹೊಡೆಯೋದು ತಾನಾಗೇ ಬರುತ್ತೆ. ಕೊಡಲಿಯನ್ನು ಎರಡು ಕೈಯಲ್ಲಿ ಹಿಡಿದು ಜಂಪ್ ಹೆವಿ (ಹಾರಿ ದೊಡ್ಡ ಏಟು) ಹಾಕ್ತಾ ಇರಿ. ಸ್ಟಾನ್ಸ್ (ನಿಲುವು) ಮುರಿದು ಮಂಡಿಯೂರುತ್ತಾನೆ, ಮುಂದೆ ಹೋಗಿ ಕ್ರಿಟಿಕಲ್ (ಭಾರೀ ಏಟು) ತಗೊಳ್ಳಿ. ಆಸೆಪಟ್ಟು ಇನ್ನೊಂದು ಏಟು ಅಂತ ನಿಂತರೆ ಬಾಲದ ಏಟು ಬೀಳುತ್ತೆ.

ಇದರ ಜೊತೆ ಬಟನ್ ವಿಷಯ. ಈ ಗೇಮ್‌ನಲ್ಲಿ ಓಡೋದೂ ರೋಲೂ ಒಂದೇ ಬಟನ್. ಹಾಗಾಗಿ ರೋಲ್ ಆಗೋದು ಬಟನ್ ಒತ್ತಿದಾಗ ಅಲ್ಲ, ಬಿಟ್ಟಾಗ. ಗಟ್ಟಿಯಾಗಿ ಒತ್ತಿ ಹಿಡಿಯೋ ಅಭ್ಯಾಸ ಇರುವವರು ಯಾವಾಗಲೂ ಲೇಟ್. ಸಟ್ಟಂತ ಮುಟ್ಟಿ ಬಿಡಬೇಕು. ನೀವು ಟಿವಿಗೆ ಕನೆಕ್ಟ್ ಮಾಡಿ ಆಡ್ತೀನಿ ಅಂದಿದ್ದೀರಿ, ಟಿವಿಯ ಗೇಮ್ ಮೋಡ್ ಆನ್ ಇದೆಯಾ? ಬಟನ್ ಒತ್ತಿದ್ದು ತಡವಾಗಿ ಕಾಣೋ ಹಾಗೆ ಮಾಡೋ ಮೋಷನ್ ಸ್ಮೂತಿಂಗ್ ಆನ್ ಇಟ್ಟುಕೊಂಡು ಮಾರ್ಗಿಟ್‌ಗೆ ಬೈಯೋದು ತಪ್ಪು.

ದೂರ ನಿಂತು ಫ್ಲಾಸ್ಕ್ ಕುಡಿದರೆ ಹೊಳೆಯುವ ಚಾಕು ಎಸೀತಾನೆ. ಅವನು ದೊಡ್ಡ ಏಟು ಬೀಸಿ ಮುಗಿಸಿದಾಗ ಕುಡೀರಿ. ಅವನ ಜೀವ ಅರ್ಧಕ್ಕೆ ಹತ್ತಿರ ಬಂದಾಗ ಸುತ್ತಿಗೆ ತೆಗೀತಾನೆ, ಅಲ್ಲಿಂದ ಬೇರೆ ಪಾಠ. ಬಾಗಿಲ ಹತ್ತಿರ ರೋಜಿಯರ್‌ನ ಚಿನ್ನದ ಸೈನ್ ಇರುತ್ತೆ, ಜೊತೆಗೆ ಹೋರಾಡೋಕೆ ಅವನನ್ನು ಕರೆಯಿರಿ. ತೋಳಗಳನ್ನು ಸಹಾಯಕ್ಕೆ ಕರೆಯೋ ಲೋನ್ ವುಲ್ಫ್ ಆ್ಯಶಸ್ ಇಲ್ಲವಾ? ಕುದುರೆ ಟಾರೆಂಟ್ ಸಿಕ್ಕ ಮೇಲೆ ರಾತ್ರಿ ಚರ್ಚ್ ಆಫ್ ಎಲ್ಲೆಗೆ ಹೋಗಿ ರೆನ್ನಾ ಜೊತೆ ಮಾತಾಡಿ. ಸಮನ್ ಮಾಡಿದರೆ ಗೆದ್ದಂಗಲ್ಲ ಅನ್ನೋ ಜನ ಈ ಗುಂಪಿನಲ್ಲೂ ಇದ್ದಾರೆ. ಅವರ ಮಾತಿಗೆ ತಲೆ ಕೆಡಿಸ್ಕೋಬೇಡಿ, ಗೇಮ್ ಮಾಡಿದವರೇ ಕೊಟ್ಟಿರೋದು ಅದು.

ಕಂಟ್ರೋಲರ್ ಡ್ರಿಫ್ಟ್ (ಸ್ಟಿಕ್ ಮುಟ್ಟದೆಯೇ ಜರುಗೋದು) ಆಗ್ತಿದೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಮಾರ್ಕೆಟ್‌ನಲ್ಲಿ ಸಿಗೋ ಅಗ್ಗದ್ದನ್ನು ತಗೊಂಡು ವರ್ಷಕ್ಕೊಂದು ಬದಲಾಯಿಸೋ ಬದಲು ಮ್ಯಾಗ್ನೆಟ್‌ನಿಂದ ಕೆಲಸ ಮಾಡೋ ಹಾಲ್ ಎಫೆಕ್ಟ್ ಸ್ಟಿಕ್ ಇರೋದು ನೋಡಿ. 8ಬಿಟ್‌ಡೂ, ಗೇಮ್‌ಸರ್ ಎರಡರಲ್ಲೂ ಅಂಥ ಮಾಡೆಲ್‌ಗಳಿವೆ. ಕೈಗೆ ಕೂರೋ ವಿಷಯದಲ್ಲಿ ಮಾತ್ರ ನನಗೆ ಇವತ್ತಿಗೂ ಎಕ್ಸ್‌ಬಾಕ್ಸ್ ಕಂಟ್ರೋಲರ್ರೇ ಮೇಲು. ಅದಕ್ಕೆ ಚಾರ್ಜ್ ಆಗೋ ಡಬಲ್ ಎ ಸೆಲ್ ತಗೊಳ್ಳಿ, ರಿಮೋಟ್ ಸೆಲ್ ಕಿತ್ತು ಹಾಕಿ ಮನೆಯವರ ಹತ್ತಿರ ಬೈಸ್ಕೋಬೇಡಿ.

ಸಿಲ್ಕ್‌ಸಾಂಗ್ ನಾನೂ ಈ ವಾರ ಮತ್ತೆ ಶುರು ಮಾಡಿದ್ದೇನೆ. ಚಂದ ಅಂದ್ರೆ ಚಂದ, ಆದರೆ ಶುರುವಿನಲ್ಲೇ ಎರಡೆರಡು ಮಾಸ್ಕ್ (ಜೀವ) ಕೀಳುವ ಹೊಡೆತಗಳು ಜಾಸ್ತಿಯಾಯ್ತು ಅನ್ನೋ ನಿಮ್ಮ ಮಾತು ಒಪ್ಪುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಮೇಲೆ ಮೊದಲ ಪ್ಯಾಚ್‌ನಲ್ಲೇ ಮೂರ್‌ವಿಂಗ್, ಸಿಸ್ಟರ್ ಸ್ಪ್ಲಿಂಟರ್ ಎರಡೂ ಬಾಸ್‌ಗಳ ಕಷ್ಟವನ್ನು ಸ್ವಲ್ಪ ಇಳಿಸಿದರು, ಅಂದರೆ ದೂರಿದ್ದು ನೀವೊಬ್ಬರೇ ಅಲ್ಲ. ಕೆಳಗೆ ಹೊಡೆಯೋದು ಓರೆಯಾಗಿ ಹೋಗುತ್ತೆ ಅಂತ ಸಿಟ್ಟಾಗಿದ್ದೀರಿ. ಹೊಡೆಯೋ ಶೈಲಿ ಬದಲಾಯಿಸೋ ವಾಂಡರರ್ ಕ್ರೆಸ್ಟ್ ಹುಡುಕಿ, ಇದರ ಹಿಂದಿನ ಗೇಮ್ ಹಾಲೋ ನೈಟ್ ಥರ ನೇರ ಕೆಳಕ್ಕೆ ಬೀಸಬಹುದು. ರೋಸರಿ (ಆ ಗೇಮ್‌ನ ಹಣ) ಸಿಕ್ಕ ತಕ್ಷಣ ಸರ ಮಾಡಿಸಿ ಇಟ್ಕೊಳ್ಳಿ, ಸತ್ತರೂ ಆ ಸರ ಹೋಗಲ್ಲ. ಬಿಡಿಬಿಡಿಯಾಗಿ ಇಟ್ಕೊಂಡು ಕಳ್ಕೊಂಡಿದ್ದಕ್ಕೆ ಗೇಮ್‌ಗೆ ಬೈದರೆ ಹೇಗೆ?

ಸ್ಟಾರ್‌ಡ್ಯೂ ಬಗ್ಗೆ ಜಾಸ್ತಿ ಹೇಳಲ್ಲ. ಶುರುವಿನ ಎನರ್ಜಿ 270 ಮಾತ್ರ. ಸಾಲು ಸಾಲು ಪಾರ್ಸ್‌ನಿಪ್ ಹಾಕಿ ನೀರು ಹೊಯ್ದೇ ಸುಸ್ತಾದರೆ ಬೋರ್ ಆಗದೆ ಇನ್ನೇನು? ಕಮ್ಮಿ ನೆಡಿ, ಎರಡನೇ ದಿನ ಮೀನುಗಾರ ವಿಲ್ಲಿ ಕೊಡುವ ಗಾಳ ಹಿಡಿದು ಮೀನಿಗೆ ಹೋಗಿ. ಸ್ಪ್ರಿಂಗ್ 15ರಿಂದ 18ರವರೆಗೆ ಪೊದೆಗಳಲ್ಲಿ ಸಾಮನ್‌ಬೆರಿ ತುಂಬಿರುತ್ತೆ, ಅಲ್ಲಾಡಿಸಿ ಕೂಡಿಸಿಟ್ಟರೆ ಗಣಿಗೆ ಬುತ್ತಿ ಆಯ್ತು. ನೀರಿನ ಕ್ಯಾನ್ ಅಪ್‌ಗ್ರೇಡ್‌ಗೆ ಕೊಡೋದು ಮಾತ್ರ ಟಿವಿಯಲ್ಲಿ ನಾಳೆ ಮಳೆ ಅಂದ ದಿನ. ಎರಡು ದಿನ ಕ್ಯಾನ್ ಇರಲ್ಲ, ಒಂದು ದಿನವನ್ನು ಮಳೆಯೇ ನೋಡ್ಕೊಳ್ಳುತ್ತೆ.

ಮತ್ತೆ ಎಲ್ಡೆನ್ ರಿಂಗ್‌ಗೆ ಬಂದರೆ, ಕೆರೆ ಹತ್ತಿರದ ಡ್ರ್ಯಾಗನ್-ಬರ್ನ್ಟ್ ರೂಯಿನ್ಸ್ ಅನ್ನೋ ಪಾಳು ಕಟ್ಟಡದ ನೆಲಮಾಳಿಗೆಯ ಪೆಟ್ಟಿಗೆ ಈಗ ತೆಗೀಬೇಡಿ. ಹೊಗೆ ಬಂದು ಎತ್ತಾಕ್ಕೊಂಡು ಹೋಗಿ ಇನ್ನೂ ಕಷ್ಟದ ಕೇಲಿಡ್ ಪ್ರದೇಶದ ಗಣಿಯಲ್ಲಿ ಬಿಸಾಕುತ್ತೆ. ಹೋಗಿಬಿಟ್ಟರೆ ಅಲ್ಲಿ ಯಾರ ಜೊತೆಗೂ ಜಗಳಕ್ಕೆ ನಿಲ್ಲದೆ ಬಾಗಿಲು ಹುಡುಕಿ ಓಡಿ. ನಿಮ್ಮ ಕಡೆ ಕರೆಂಟ್ ಹೋಗೋದು ಮಾಮೂಲಿ ಅಂದಿದ್ದೀರಲ್ಲ, ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದಿದ್ದರೆ ವಿಂಡೋಸ್‌ನ ಆಪ್‌ಡೇಟಾದ ರೋಮಿಂಗ್ ಫೋಲ್ಡರ್‌ನಲ್ಲಿ ಇರುವ ಎಲ್ಡೆನ್ ರಿಂಗ್ ಫೋಲ್ಡರನ್ನು (ಸೇವ್ ಫೈಲ್ ಇರೋದು ಅಲ್ಲೇ) ದಿನಕ್ಕೊಮ್ಮೆ ಬೇರೆ ಕಡೆ ಕಾಪಿ ಮಾಡಿ. ಸೇವ್ ಆಗ್ತಿರುವಾಗಲೇ ಕರೆಂಟ್ ಹೋಗಿ ಫೈಲ್ ಕೆಟ್ಟರೆ ಮಾರ್ಗಿಟ್ ಎಷ್ಟೋ ವಾಸಿ ಅನ್ಸುತ್ತೆ.

ಹಾಂ, ಮರೆತಿದ್ದೆ. ಲಿಮ್‌ಗ್ರೇವ್‌ನ ಮರ್ಕ್‌ವಾಟರ್ ಕೇವ್‌ನಲ್ಲಿ ಪ್ಯಾಚಸ್ ಅನ್ನೋ ಮೋಸಗಾರ ಸಿಗ್ತಾನೆ. ಅರ್ಧ ಜೀವ ಹೋದಾಗ ಶರಣಾಗ್ತಾನೆ, ಆಗ ಕೈ ನಿಲ್ಲಿಸಿ, ಕೊಲ್ಲಬೇಡಿ. 5000 ರೂನ್‌ಗೆ ಮಾರ್ಗಿಟ್ಸ್ ಶ್ಯಾಕಲ್ ಅನ್ನೋ ಸಂಕೋಲೆ ಮಾರ್ತಾನೆ, ಮೊದಲ ಹಂತದಲ್ಲಿ ಮಾರ್ಗಿಟ್‌ನನ್ನು ನೆಲಕ್ಕೆ ಕಟ್ಟಿಹಾಕುತ್ತೆ, ಒಂದು ಫೈಟ್‌ಗೆ ಎರಡೇ ಸಲ. ಆ 5000ದಲ್ಲಿ ವಿಗರ್ ಏರಿಸೋದೇ ಲಾಭ ಅಂತ ನನ್ನ ಲೆಕ್ಕ. ಈಗ ನಿಮ್ಮ ಎಂಡ್ಯೂರೆನ್ಸ್ (ತೂಕ ಹೊರೋ ಶಕ್ತಿ ಹೆಚ್ಚಿಸೋ ಅಂಕ) ಎಷ್ಟಿದೆ, ಎಕ್ವಿಪ್ ಲೋಡ್ ಎಷ್ಟು ತೋರಿಸ್ತಿದೆ? ಸ್ಕ್ರೀನ್‌ಶಾಟ್‌ನಲ್ಲಿ ಆ ಭಾಗ ಕಟ್ ಆಗಿದೆ, ಪೂರ್ತಿ ಕಾಣೋ ಹಾಗೆ ಇನ್ನೊಂದು ಹಾಕಿ.