ಮುಧೋಳ ಕಡೆ ಕಬ್ಬು ಬೆಳೆಯುವ ಮನೆಯಲ್ಲಿ ಮದುವೆ ತಾರೀಖು ಯಾವಾಗ ಇಡಬೇಕು?

ಏಪ್ರಿಲ್-ಮೇ ಮುಹೂರ್ತವೇ ನಿರಾಳ. ಕಟಾವಿನ ವಾರದಲ್ಲಂತೂ ಬೇಡವೇ ಬೇಡ. ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೋ ನವೆಂಬರಿಗೋ ಶುರು. ನಿಮ್ಮ ಹೊಲಕ್ಕೆ ಕಬ್ಬು ಕಡಿಯುವವರ ಗ್ಯಾಂಗ್ ಬರುವ ದಿನ ನಾಟಿ ನೋಂದಣಿಯ ತಾರೀಖಿನ ಮೇಲೆ ನಿಂತಿರುತ್ತದೆ, ಅದೂ ಹಿಂದೆ ಮುಂದೆ ಆಗುತ್ತದೆ. ಹಾಗಾಗಿ ನಾಟಿ ಮಾಡಿದ ಕೂಡಲೇ ಫ್ಯಾಕ್ಟರಿಯಲ್ಲಿ ಹೆಸರು ಬರೆಸಿ.

ಕಡಿದ ಕಬ್ಬು 24 ಗಂಟೆಯೊಳಗೆ ನುರಿಯಬೇಕು. ತಡವಾದರೆ ನೀರಿನಂಶ ಆರಿ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆಯೂ ಒಡೆದು ಇಳುವರಿ ಕುಸಿಯುತ್ತದೆ. ಮಾರ್ಚ್ ಬಿಸಿಲಿಗೆ ಇದು ಇನ್ನೂ ಬೇಗ. ಟ್ರ್ಯಾಕ್ಟರ್ ಸಾಲಿನಲ್ಲಿ ನಿಂತ ಹೊತ್ತೂ ಈ ಲೆಕ್ಕಕ್ಕೇ ಸೇರುತ್ತದೆ.

ಇನ್ನು ಹಣ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಬಿಲ್ ಪಾವತಿಯಾಗಬೇಕು. ಮೀರಿದರೆ ವರ್ಷಕ್ಕೆ ಶೇ. 15 ಬಡ್ಡಿ. ಆದರೂ ತಡವಾಗುವುದುಂಟು. ಬಿಲ್ ಜಮಾ ಆಗುವ ಮೊದಲು ಮಂಟಪಕ್ಕೆ ಮುಂಗಡ ಕೊಡಬೇಡಿ, ತೂಕದ ಚೀಟಿಯನ್ನು ಜೋಪಾನವಾಗಿಡಿ.