ಅಪ್ಪನ ಕೋರಿಕೆಗೆ ಹಾಕಿದ ಅಂಕ

ಆಪ್ತಸಲಹೆಗೆಂದು ಅವರು ನನ್ನ ಬಳಿ ಮೊದಲ ಸಲ ಬಂದಾಗ ಹೇಳಿಕೊಂಡಿದ್ದು ನಿದ್ದೆಯ ವಿಷಯ ಮಾತ್ರ. ವಯಸ್ಸು 34. ಮೈಸೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್. ಹೆಂಡತಿ, ನಾಲ್ಕು ವರ್ಷದ ಮಗಳು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಭಾನುವಾರ ಸಂಜೆಯಾದರೆ ಎದೆ ಬಿಗಿಯುತ್ತದೆ. ಇಸಿಜಿ ತೆಗೆಸಿದ್ದರು, ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದರು. ಎರಡೂ ಸರಿಯಿದ್ದವು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಕೆಲಸದ ಒತ್ತಡ ಎಂದುಕೊಂಡೆ. ಮಲಗುವ ಮುಂಚೆ ಫೋನ್ ದೂರ ಇಡಿ, ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯಿರಿ ಎಂದೆ. ಶ್ರದ್ಧೆಯಿಂದ ಮಾಡಿದರು. ಏನೂ ಬದಲಾಗಲಿಲ್ಲ.

ಎರಡನೇ ಭೇಟಿ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಅವರು ಒಂದು ಮಾತು ಹೇಳಿದರು. "ಸಂಕ್ರಾಂತಿಗೆ ಊರಿಗೆ ಹೋಗ್ಲಿಲ್ಲ ಮೇಡಂ. ದನ ಕಿಚ್ಚು ಹಾಯಿಸೋದು ನೋಡ್ಬೇಕು ಅಂತ ಮಗಳು ಅತ್ತಳು. ಆದ್ರೂ ಹೋಗ್ಲಿಲ್ಲ." ಅವರ ಊರು ಮಂಡ್ಯದ ಪಕ್ಕ. ಮೈಸೂರಿನಿಂದ ಮಂಡ್ಯಕ್ಕೆ 45 ಕಿಲೋಮೀಟರ್. ರೈಲು ಹತ್ತಿದರೆ ಸುಮಾರು ಒಂದು ಗಂಟೆ. ಹಬ್ಬಕ್ಕೆ ರಜ ಇದ್ದೂ, ಮಗು ಅಳುತ್ತಿದ್ದೂ, ಹೋಗಲಿಲ್ಲ. ಮತ್ತೆ ಒಳಗೆ ಕರೆದು ಕೂರಿಸಿದೆ.

ಅಪ್ಪನ ಮುಖ ನೋಡಲು ಆಗುವುದಿಲ್ಲ ಎಂದರು. ಜಗಳವಾ ಎಂದು ಕೇಳಿದೆ. ಇಲ್ಲ. ಆಸ್ತಿ ವಿಷಯವಾ? ಅದೂ ಇಲ್ಲ. ತುಂಬ ಹೊತ್ತು ಸುಮ್ಮನಿದ್ದು ಹೇಳಿದರು: "ಅಪ್ಪ ಒಂದು ಫೀಚರ್ ಕೇಳಿದ್ರು. ಮೂರು ವರ್ಷ ಆಯ್ತು."

ನನಗೆ ಅರ್ಥವಾಗಲಿಲ್ಲ. ಒಂದು ಹಾಳೆ, ಪೆನ್ನು ಕೊಟ್ಟು, ನಿಮ್ಮ ಕೆಲಸ ಏನು ಅಂತ ನನಗೆ ತಿಳಿಯುವ ಹಾಗೆ ಹೇಳಿ ಎಂದೆ. ಅವತ್ತಿನ ಮಾತನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಅವರ ಸಂಕಟ ಇದ್ದದ್ದು ಅದರೊಳಗೇ.

ಅವರ ಕಂಪನಿ ಸಣ್ಣ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುತ್ತದೆ. ಅಂಗಡಿಯವರು ದಿನಾ ಏನಾದರೊಂದು ಕೇಳುತ್ತಾರೆ. ಫೋನ್ ಮಾಡಿ ಕೇಳುತ್ತಾರೆ, ಪ್ಲೇ ಸ್ಟೋರ್‌ನಲ್ಲಿ ಒಂದೇ ಸ್ಟಾರ್ ಕೊಟ್ಟು ಕೇಳುತ್ತಾರೆ, ಸೇಲ್ಸ್ ಹುಡುಗರ ಹತ್ತಿರ ಹೇಳಿ ಕಳಿಸುತ್ತಾರೆ. ಎಲ್ಲವೂ ಒಂದು ಪಟ್ಟಿಗೆ ಬಂದು ಸೇರುತ್ತವೆ. ಬ್ಯಾಕ್‌ಲಾಗ್ ಎನ್ನುತ್ತಾರೆ ಅದಕ್ಕೆ. ಆಗ ಅದರಲ್ಲಿ ಸಾವಿರಕ್ಕೂ ಜಾಸ್ತಿ ಕೋರಿಕೆಗಳಿದ್ದವು. ಕೋಡ್ ಬರೆಯುವವರು ಒಂಬತ್ತೇ ಜನ.

ಕೆಲವು ಕೆಲಸಗಳಿಗೆ ಯಾರ ಅಭಿಪ್ರಾಯವನ್ನೂ ಕೇಳುವಂತಿಲ್ಲ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ದರ ಬದಲಿಸುವ ತೀರ್ಮಾನವಾಯಿತು, 22ರಿಂದ ಜಾರಿ. ಮೂರು ವಾರವೂ ಇರಲಿಲ್ಲ. ಬಿಲ್ಲಿಂಗ್ ಆ್ಯಪ್ ಮಾಡುವವರು ಕೈಯಲ್ಲಿದ್ದ ಬೇರೆಲ್ಲ ಕೆಲಸ ಬಿಟ್ಟು ಅದನ್ನೇ ಹಿಡಿಯಬೇಕಾಯಿತು. ಆಮೇಲೆ ದೊಡ್ಡ ಗಿರಾಕಿಗಳು. ನೂರು ಅಂಗಡಿ ಇರುವವರು "ಇದು ಮಾಡಿಕೊಡದಿದ್ದರೆ ಬೇರೆಯವರ ಹತ್ತಿರ ಹೋಗ್ತೀವಿ" ಎಂದರೆ ಅವರ ಮಾತಿಗೆ ತೂಕ ಜಾಸ್ತಿ. ಅದು ಸರಿಯೇ ಅಂತ ನಾನು ಕೇಳಿದೆ. "ನಮ್ಮ ಸಂಬಳ ಅಲ್ಲಿಂದಲೇ ಬರೋದು ಮೇಡಂ" ಎಂದರು. ಆ ಉತ್ತರ ನನಗೆ ಹಿಡಿಸಿತು. ಮುಚ್ಚುಮರೆ ಇರಲಿಲ್ಲ.

ಉಳಿದ ಕೋರಿಕೆಗಳಿಗೆ ಅಂಕ ಹಾಕುತ್ತಾರೆ. ಇಂಟರ್‌ಕಾಮ್ ಎಂಬ ಕಂಪನಿಯವರು ಬಳಕೆಗೆ ತಂದ 'ರೈಸ್' ಎಂಬ ಲೆಕ್ಕವನ್ನು ಇವರೂ ಹಿಡಿದಿದ್ದಾರೆ. ಮೂರು ತಿಂಗಳಲ್ಲಿ ಎಷ್ಟು ಜನಕ್ಕೆ ಉಪಯೋಗ, ಒಬ್ಬೊಬ್ಬರಿಗೆ ಎಷ್ಟು ಉಪಯೋಗ, ನಮ್ಮ ಅಂದಾಜಿನ ಮೇಲೆ ನಮಗೆಷ್ಟು ನಂಬಿಕೆ. ಈ ಮೂರನ್ನೂ ಗುಣಿಸಬೇಕು. ಒಬ್ಬ ಮನುಷ್ಯ ಕೂತರೆ ಎಷ್ಟು ತಿಂಗಳ ಕೆಲಸ ಅನ್ನುವುದರಿಂದ ಭಾಗಿಸಬೇಕು. ಬಂದ ಸಂಖ್ಯೆ ದೊಡ್ಡದಾದರೆ ಪಟ್ಟಿಯಲ್ಲಿ ಮೇಲೆ, ಸಣ್ಣದಾದರೆ ಕೆಳಗೆ.

ಮಾಡುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ ಎಂದೂ ಹೇಳಿದರು. "ಒಂದು ಬಟನ್ ಸೇರಿಸೋದು ಎರಡು ದಿನದ ಕೆಲಸ. ಅದನ್ನ ಸಾಕೋದು ವರ್ಷಗಟ್ಟಲೆ." ಹಳೇ ಫೋನಿನಲ್ಲಿ ನಡೆಯಬೇಕು, ಹತ್ತು ಥರದ ಪ್ರಿಂಟರ್‌ಗೆ ಹೊಂದಬೇಕು, ನಾಳೆ ಇನ್ನೇನೋ ಬದಲಿಸುವಾಗ ಇದು ಕೆಡಬಾರದು, ಗೊತ್ತಾಗದವರು ಫೋನ್ ಮಾಡಿದರೆ ಹೇಳಿಕೊಡಬೇಕು. ಎಲ್ಲರೂ ಕೇಳಿದ್ದನ್ನೆಲ್ಲ ಸೇರಿಸಿದರೆ, ಬರೀ ಬಿಲ್ ಹಾಕಬೇಕೆಂದು ಬಂದ ಅಂಗಡಿಯವನಿಗೆ ಬಿಲ್ ಬಟನ್ನೇ ಸಿಗುವುದಿಲ್ಲ.

ದೊಡ್ಡವರೂ ಕಾಯಿಸುತ್ತಾರೆ. 2007ರಲ್ಲಿ ಮೊದಲ ಐಫೋನ್ ಬಂದಾಗ ಅದರಲ್ಲಿ ಕಾಪಿ-ಪೇಸ್ಟ್ ಇರಲಿಲ್ಲ, 2009ರಲ್ಲಿ ಬಂತು. ಹಾಕಿದ ಟ್ವೀಟ್ ತಿದ್ದುವ ಸೌಲಭ್ಯ ಕೊಡಿ ಎಂದು ಜನ ವರ್ಷಗಟ್ಟಲೆ ಕೇಳಿದರು. ಬಂದದ್ದು 2022ರಲ್ಲಿ, ಅದೂ ದುಡ್ಡು ಕೊಡುವವರಿಗೆ. ಇದನ್ನೆಲ್ಲ ರಾತ್ರಿ ಮೂರು ಗಂಟೆಗೆ ತಮಗೆ ತಾವೇ ಹೇಳಿಕೊಳ್ಳುತ್ತಾರಂತೆ. ಸಮಾಧಾನ ಆಗುವುದಿಲ್ಲವಂತೆ.

ಇನ್ನು ಅಪ್ಪ ಕೇಳಿದ್ದು. ಅವರದು ಊರಿನಲ್ಲಿ ದಿನಸಿ ಅಂಗಡಿ. ಆ್ಯಪ್ ಹಾಕಿಕೊಟ್ಟವರು ಮಗನೇ. ಅದರಲ್ಲಿ ಸಾಲದ ಖಾತೆ ಫೋನ್ ನಂಬರಿನ ಮೇಲೆ ತೆರೆಯುತ್ತದೆ. ಹಳ್ಳಿಯಲ್ಲಿ ಸಾಲ ನಡೆಯುವುದು ಮನೆ ಮೇಲೆ. ಬೆಳಗ್ಗೆ ಅಜ್ಜಿ ಬಂದು ಸಕ್ಕರೆ ಒಯ್ಯುತ್ತಾಳೆ, ಸಂಜೆ ಮೊಮ್ಮಗ ಬಂದು ಎಣ್ಣೆ ಒಯ್ಯುತ್ತಾನೆ, ಲೆಕ್ಕ ಒಂದೇ. ಸಣ್ಣ ಬಾಕಿ ಡೈರಿ ಬಟವಾಡೆಯಲ್ಲಿ ತೀರುತ್ತದೆ. ದೊಡ್ಡದು ಕಬ್ಬಿನ ದುಡ್ಡು ಬಂದಾಗ. ಆ್ಯಪ್‌ಗೆ ಇದು ಗೊತ್ತಿಲ್ಲ. 30 ದಿನ ಆಯಿತೆಂದರೆ ಎಸ್ಸೆಮ್ಮೆಸ್ ಹೋಗುತ್ತದೆ, ಬಾಕಿ ಕಟ್ಟಿ ಅಂತ. ಒಂದು ಸಲ ಹಾಗೆ ಎಸ್ಸೆಮ್ಮೆಸ್ ಹೋಗಿ, ನಲವತ್ತು ವರ್ಷದ ಗಿರಾಕಿಯೊಬ್ಬರು ಅಂಗಡಿ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು.

ಅಪ್ಪ ಕೇಳಿದ್ದು ಎರಡೇ. ಮನೆ ಹೆಸರಿನಲ್ಲಿ ಖಾತೆ ಬೇಕು. ನಾನು ಹೇಳುವವರೆಗೆ ಎಸ್ಸೆಮ್ಮೆಸ್ ಹೋಗಬಾರದು. ಮಗನಿಗೆ ಫೋನ್ ಮಾಡಲಿಲ್ಲ, ಎಲ್ಲರ ಹಾಗೆ ಆ್ಯಪ್‌ನಲ್ಲೇ ಬರೆದು ಕಳಿಸಿದರು. "ನಿಮ್ಮ ಸಲಹೆ ಪರಿಶೀಲನೆಯಲ್ಲಿದೆ, ಧನ್ಯವಾದ" ಎಂಬ ಉತ್ತರ ಬಂತು. ಅದನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದರಂತೆ, ನನ್ನ ಮಗ ಮಾಡಿಸ್ತಾ ಅವ್ನೆ ಅಂತ.

ಮೊದಲ ವರ್ಷ ಹೋದಾಗಲೆಲ್ಲ ಕೇಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು. ಇವರಿಗೆ ತಾಕಿದ್ದು ಅದು. ತಮ್ಮ ಕೆಲಸದಲ್ಲಿ ಅವರು ಕಲಿತ ಒಂದು ವಿಷಯ ಏನೆಂದರೆ, ಜೋರಾಗಿ ಕೇಳುವವರು ಇನ್ನೂ ಜೊತೆಗಿದ್ದಾರೆ. ಬಿಟ್ಟು ಹೋಗುವವರು ಸುಮ್ಮನಾಗುತ್ತಾರೆ.

ಮೂರನೇ ಭೇಟಿಯಲ್ಲಿ ಗಂಟು ಬಿಚ್ಚಿತು. ಅಪ್ಪನ ಕೋರಿಕೆಗೆ ಎಷ್ಟು ಅಂಕ ಬಂತು ಎಂದು ಕೇಳಿದೆ. ಹಾಳೆ ಮೇಲೆ ಬರೆದರು. ಅಂಗಡಿಗಳು 300. ಉಪಯೋಗಕ್ಕೆ 0.5. ನಂಬಿಕೆ 50 ಶೇಕಡಾ. ಕೆಲಸ ಮೂರು ತಿಂಗಳು. ಬಂದದ್ದು 25. ಆ ಸಲ 35ಕ್ಕಿಂತ ಮೇಲಿದ್ದವನ್ನು ಮಾತ್ರ ಕೈಗೆತ್ತಿಕೊಂಡಿದ್ದರು.

ನಂಬಿಕೆ ಯಾಕೆ 50, ನಿಮ್ಮ ಸ್ವಂತ ಅಂಗಡಿಯಲ್ಲೇ ಕಣ್ಣಾರೆ ಕಂಡಿದ್ದಲ್ವಾ ಎಂದೆ. ಪೆನ್ನು ಕೆಳಗಿಟ್ಟರು. ಕಣ್ಣಲ್ಲಿ ನೀರು ಬಂತು. ಬೇರೆ ಯಾರದ್ದಾದರೂ ಆಗಿದ್ದರೆ 80 ಹಾಕುತ್ತಿದ್ದೆ ಎಂದರು. 80 ಹಾಕಿದ್ದರೆ ಮೊತ್ತ 40. ಪಾಸಾಗುತ್ತಿತ್ತು. ಅಪ್ಪನ ಅಂಗಡಿಗೆ ಬೇಕು ಅಂತ ಮಾಡಿಸಿದ ಎಂದು ಆಫೀಸಿನವರು ಅಂದುಕೊಂಡರೆ ಎಂಬ ಹೆದರಿಕೆಯಿಂದ ಕಡಿಮೆ ಹಾಕಿದ್ದರು. ಮೂರು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಸಾವಿರ ಕೋರಿಕೆಗಳ ಭಾರ ಅಂತ ಅವರು ನನ್ನ ಹತ್ತಿರ ಹೊತ್ತು ತಂದದ್ದು ಈ ಒಂದರ ಭಾರ. ಇದು ಒಳಗೆ ಕೊಳೆಯುತ್ತಿದ್ದರಿಂದ ಪಟ್ಟಿಯಲ್ಲಿದ್ದ ಪ್ರತಿಯೊಂದು ಹೆಸರೂ ಅವರಿಗೆ ಅಪ್ಪನ ಹಾಗೆಯೇ ಕಾಣುತ್ತಿತ್ತು. ಯಾರಿಗೂ ಆಗಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಎಲ್ಲರಿಗೂ "ಪರಿಶೀಲನೆಯಲ್ಲಿದೆ" ಎಂದು ಬರೆದು ತಳ್ಳುತ್ತಿದ್ದರು.

ನಾನು ಹೇಳಿದ್ದು ಹೀಗೆ. ಅಪ್ಪನಿಗೆ ಅಂಕ ಹಾಕಲು ಯಾವ ಮಗನಿಂದಲೂ ಆಗುವುದಿಲ್ಲ. ಜಾಸ್ತಿ ಹಾಕಿದರೂ ತಪ್ಪೆನಿಸುತ್ತದೆ, ಕಡಿಮೆ ಹಾಕಿದರೂ ತಪ್ಪೆನಿಸುತ್ತದೆ. ಆ ಕೋರಿಕೆಯನ್ನು ಸಹೋದ್ಯೋಗಿಯ ಕೈಗೆ ಕೊಡಿ. ಇದು ನನ್ನ ತಂದೆಯದು, ನಾನು ಬೇಕೆಂದೇ ಕಡಿಮೆ ಹಾಕಿದ್ದೆ ಎಂದು ಬಾಯಿಬಿಟ್ಟು ಹೇಳಿ. ಬಂದ ಉತ್ತರ ಏನೇ ಇರಲಿ, ಊರಿಗೆ ಹೋಗಿ ಎದುರು ಕೂತು ನೀವೇ ಹೇಳಿ. ಫೋನಿನಲ್ಲಿ ಬೇಡ.

ಕೆಲಸದ ಬಗ್ಗೆಯೂ ಒಂದು ಮಾತು ಹೇಳಿದೆ, ಅದು ನನ್ನ ಕ್ಷೇತ್ರವಲ್ಲದಿದ್ದರೂ. ಆಗುವುದಿಲ್ಲ ಎಂದು ಗೊತ್ತಿರುವುದಕ್ಕೆ ಆಗುವುದಿಲ್ಲ ಎಂದೇ ಬರೆಯಿರಿ, ಕಾರಣ ಕೊಡಿ. ಕೇಳಿದವರು ಬೇರೆ ದಾರಿ ಹುಡುಕಿಕೊಳ್ಳುತ್ತಾರೆ. ಪರಿಶೀಲನೆಯಲ್ಲಿದೆ ಎಂದರೆ ಕಾಯುತ್ತಾ ಕೂರುತ್ತಾರೆ. ಎಷ್ಟೋ ಮನೆಗಳಲ್ಲಿ ಹೆಣ್ಣು ನೋಡಿ ಬಂದು ತಿಂಗಳುಗಟ್ಟಲೆ ಏನೂ ಹೇಳದೆ ಉಳಿಯುವವರಿಂದ ಆ ಹುಡುಗಿ ಅನುಭವಿಸುವ ನೋವನ್ನು ನಾನು ಈ ಕೋಣೆಯಲ್ಲೇ ಕಂಡಿದ್ದೇನೆ. ಇದೂ ಅದೇ ಜಾತಿಯದು.

ಸಾಯುವ ಯೋಚನೆ ಏನಾದರೂ ಬಂದಿತ್ತೇ ಎಂದು ನೇರವಾಗಿ ಕೇಳಿದ್ದೆ. ಇಲ್ಲ ಎಂದಿದ್ದರು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಅವರಿಗೂ ಅವರ ಹೆಂಡತಿಗೂ ಕೊಟ್ಟೆ. ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇದನ್ನು ನನ್ನ ಬಳಿ ಬರುವ ಎಲ್ಲರಿಗೂ ಕೊಡುತ್ತೇನೆ.

ಸಹೋದ್ಯೋಗಿ ಇಪ್ಪತ್ತು ಅಂಗಡಿಗಳಿಗೆ ಫೋನ್ ಮಾಡಿ ಕೇಳಿದರು. ಕೋರಿಕೆಯನ್ನು ಎರಡಾಗಿ ಸೀಳಿದರು. ಮನೆ ಹೆಸರಿನ ಖಾತೆ ಮಾಡಬೇಕೆಂದರೆ ಹಳೇ ಲೆಕ್ಕಗಳನ್ನೆಲ್ಲ ಒಂದಕ್ಕೊಂದು ಸೇರಿಸಬೇಕು, ಮೂರು ತಿಂಗಳಲ್ಲ, ಆರು ತಿಂಗಳ ಕೆಲಸ. ನಂಬಿಕೆಗೆ 80 ಹಾಕಿದರೂ ಅಂಕ ಬಂದದ್ದು 20. ಅದು ಬಿದ್ದುಹೋಯಿತು. ಎಸ್ಸೆಮ್ಮೆಸ್ ನಿಲ್ಲಿಸುವ ಬಟನ್ ಎರಡು ವಾರದ ಕೆಲಸ. ಅದನ್ನು ಮಾಡಿದರು.

ಅವರು ಊರಿಗೆ ಹೋದರು. ಅಂಗಡಿ ಬಾಗಿಲು ಹಾಕಿದ ಮೇಲೆ ಅಪ್ಪನಿಗೆ ಎಲ್ಲ ಹೇಳಿದರು, ಬೇಕೆಂದೇ ಕಡಿಮೆ ಅಂಕ ಹಾಕಿದ್ದನ್ನೂ. ಅಪ್ಪನಿಗೆ ಸಿಟ್ಟು ಬಂತು. ಅಂಕದ ವಿಷಯಕ್ಕಲ್ಲ. "ಆಗಕಿಲ್ಲ ಅಂತ ಆವತ್ತೇ ಹೇಳ್ಬಾರ್ದಾಗಿತ್ತೇನ್ಲಾ? ಮೂರು ವರ್ಸ ನಿನ್ ಕೇಳದೋ ಬ್ಯಾಡ್ವೋ ಅಂತ ಒದ್ದಾಡಿವ್ನಿ." ಅಪ್ಪನೂ ಮಗನ ಮುಖ ನೋಡಲು ಹಿಂಜರಿಯುತ್ತಿದ್ದರು ಎಂದು ಇವರಿಗೆ ಗೊತ್ತೇ ಇರಲಿಲ್ಲ. ಕೇಳಿದರೆ ಮಗನಿಗೆ ಆಫೀಸಿನಲ್ಲಿ ತೊಂದರೆಯಾದೀತು ಎಂದು ಬಾಯಿ ಮುಚ್ಚಿಕೊಂಡಿದ್ದರಂತೆ.

ಆಮೇಲೆ ಅಪ್ಪ ಫೋನ್ ತೆಗೆದು ತೋರಿಸಿದರು. ಗಿರಾಕಿ ಹೆಸರು ಬರೆಯುವ ಜಾಗದಲ್ಲಿ "ಕೆರೆ ಏರಿ ಮನೆ", "ಹುಣಸೇಮರದ ಮನೆ" ಎಂದು ಬರೆದು, ಫೋನ್ ನಂಬರಿಗೆ ತಮ್ಮದೇ ಹಳೇ ನಂಬರ್ ಹಾಕಿ, ಎಂದೋ ಕೆಲಸ ಸಾಗಿಸಿದ್ದರು. ಎಸ್ಸೆಮ್ಮೆಸ್‌ಗಳೆಲ್ಲ ಆ ಹಳೇ ಫೋನಿಗೆ ಬಂದು ಬೀಳುತ್ತಿದ್ದವು. ಅದು ಅಕ್ಕಿ ಮೂಟೆ ಹಿಂದೆ ಇತ್ತು.

ಒಟ್ಟು ಆರು ಭೇಟಿ ಆಗಿವೆ. ನಿದ್ದೆ ಪೂರ್ತಿ ಸರಿಯಾಗಿಲ್ಲ, ವಾರದಲ್ಲಿ ಎರಡು ದಿನ ಈಗಲೂ ಎಚ್ಚರವಾಗುತ್ತದೆ. ಎದೆ ಬಿಗಿತ ಇಲ್ಲ. ಪ್ರತಿ ಶುಕ್ರವಾರ ಸಂಜೆ ಒಂದು ಗಂಟೆ ಕೂತು, ಆಗದ ಕೋರಿಕೆಗಳಿಗೆ ಕಾರಣ ಸಮೇತ ಉತ್ತರ ಬರೆಯುತ್ತಾರೆ. ಬೈದು ಬರೆಯುವವರಿದ್ದಾರೆ. ಜಾಸ್ತಿ ಜನ "ಸರಿ, ಹೇಳಿದ್ದು ಒಳ್ಳೇದಾಯ್ತು" ಎಂದು ಬರೆಯುತ್ತಾರಂತೆ. ಮುಂದಿನ ಭೇಟಿಯನ್ನು ಊರಿನಲ್ಲಿ ಕಬ್ಬಿನ ದುಡ್ಡು ಬಂದ ಮೇಲೆ ಇಟ್ಟುಕೊಂಡಿದ್ದೇವೆ. ಬಾಕಿ ಚುಕ್ತಾ ಮಾಡುವ ಆ ಎರಡು ದಿನ ಅಂಗಡಿಯಲ್ಲಿ ಅಪ್ಪನ ಜೊತೆ ಕೂರುವುದಕ್ಕೆ ಅವರು ರಜ ಹಾಕಿದ್ದಾರೆ.