ಮೇಷ್ಟ್ರು ಪೆನ್ಸಿಲ್ ಕಿತ್ತುಕೊಂಡ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹಾಸನದ ಒಂದು ಕಾಲೇಜಿನಲ್ಲಿ ಇಂಟೀರಿಯರ್ ಡಿಸೈನ್ ಓದುವ ಮೊದಲ ವರ್ಷದ ಮಕ್ಕಳಿಗೆ ಅವರು ಡ್ರಾಯಿಂಗ್ ಹೇಳಿಕೊಡುತ್ತಾರೆ. ಅತಿಥಿ ಉಪನ್ಯಾಸಕರು, ಮೂವತ್ತರ ಆಸುಪಾಸು. ಇಲ್ಲಿ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ.

ಮನಸ್ಸಿನ ಸಮಸ್ಯೆಗಳಿಗೆ ಸಲಹೆ ಕೊಡುವ ನನ್ನ ಹತ್ತಿರ ಅವರು ಬಂದದ್ದು ಹೊಟ್ಟೆನೋವಿಗೆ. ಭಾನುವಾರ ಸಂಜೆ ಶುರುವಾದರೆ ಸೋಮವಾರ ಮಧ್ಯಾಹ್ನದವರೆಗೂ ಹಿಂಡುತ್ತಿತ್ತು. ಡಾಕ್ಟರು ಸ್ಕ್ಯಾನ್ ಮಾಡಿಸಿ, ಏನೂ ಇಲ್ಲ ಅಂದಿದ್ದರು. ಸೋಮವಾರ ಬೆಳಗ್ಗೆ ಮೂರು ಗಂಟೆ ಕಾಲ ಅವರದೇ ಕ್ಲಾಸು. ಇದನ್ನು ಹೇಳಿದ ಮೇಲೆ ಅವರೇ ಸ್ವಲ್ಪ ನಕ್ಕರು.

"ಮಕ್ಕಳು ಬರೆಯೋದೇ ಇಲ್ಲ ಮೇಡಂ. ಮೊಬೈಲಲ್ಲಿರೋ ಫೋಟೋ ಮೇಲೆ ಹಾಳೆ ಇಟ್ಟು ಟ್ರೇಸ್ ಮಾಡ್ತಾರೆ. ಇಲ್ಲಾಂದ್ರೆ 'ನಮಗೆ ಕೈ ಬರಲ್ಲ ಸಾರ್' ಅಂತ ಸುಮ್ನೆ ಕೂತಿರ್ತಾರೆ. ಒಬ್ಬಳು ಹುಡುಗಿ ಮೂರು ವಾರದಿಂದ ಕ್ಲಾಸಿಗೇ ಬರ್ತಿಲ್ಲ. ನಾನೇ ನಾಲಾಯಕ್ಕು ಅನ್ಸುತ್ತೆ."

ನಿದ್ದೆ, ಊಟ, ಬದುಕು ಬೇಡ ಅನ್ನಿಸುವ ಯೋಚನೆ, ಎಲ್ಲದರ ಬಗ್ಗೆ ಕೇಳಿದೆ. ನಿದ್ದೆ ಕೆಟ್ಟಿತ್ತು, ಅಷ್ಟೇ. ಮೊದಲ ದಿನ ಅವರ ಮಾತು ಕೇಳಿಸಿಕೊಂಡು ಕಳಿಸಿದೆ.

ಎರಡನೇ ಭೇಟಿಯಲ್ಲಿ ಬೇರೆ ದಾರಿ ಹಿಡಿದೆ. ನನಗೆ ಚಿತ್ರ ಬರೆಯಲು ಖಂಡಿತ ಬರುವುದಿಲ್ಲ. ಮೇಜಿನ ಮೇಲೆ ನೀರಿನ ಸ್ಟೀಲ್ ಲೋಟ ಇತ್ತು. "ಇದನ್ನು ಬರೆಯೋದು ಹೇಳಿಕೊಡಿ ಸರ್, ನಾನು ನಿಮ್ಮ ಸ್ಟೂಡೆಂಟು" ಅಂದೆ. ಅವರಿಗೆ ಒಂಥರಾ ಹುರುಪು ಬಂತು. ನಾನು ಮೇಲೊಂದು ಮೊಟ್ಟೆ ಆಕಾರ ಬರೆದೆ. ಎರಡು ಪಕ್ಕ ಎರಡು ಗೆರೆ ಎಳೆದೆ. ಬುಡಕ್ಕೆ ಸ್ಕೇಲಿಟ್ಟಂತೆ ನೇರ ಗೆರೆ.

"ಬುಡ ನೇರ ಕಾಣ್ತಿದೆಯಾ ಮೇಡಂ?"

"ಮೇಜಿನ ಮೇಲೆ ನಿಂತಿದೆಯಲ್ಲ, ನೇರನೇ ಇರಬೇಕು" ಅಂದೆ.

ಅವರು ವಿವರಿಸಿದ್ದು ಚೆನ್ನಾಗಿತ್ತು. ಲೋಟದ ಬಾಯಿ, ಬುಡ ಎರಡೂ ದುಂಡಗಿವೆ. ಮೇಲಿನಿಂದ ಓರೆಯಾಗಿ ನೋಡುವುದರಿಂದ ಅವು ಚಪ್ಪಟೆಯಾಗಿ ಕಾಣುತ್ತವೆ. ಕಣ್ಣಿನ ಮಟ್ಟದಿಂದ ಕೆಳಗೆ ಹೋದಷ್ಟೂ ಚಪ್ಪಟೆ ಕಮ್ಮಿಯಾಗುತ್ತದೆ. ಹಾಗಾಗಿ ಬುಡದ ಬಾಗು ಬಾಯಿಗಿಂತ ಜಾಸ್ತಿ ಇರಬೇಕು. ನಾನು ಬರೆದದ್ದು ಕಣ್ಣಿಗೆ ಕಂಡ ಲೋಟ ಅಲ್ಲ, ತಲೆಯಲ್ಲಿರುವ ಲೋಟ. ನನಗೆ ಅರ್ಥವಾಯಿತು. ಬುಡವನ್ನು ಬಾಗಿಸಲು ಹೋದೆ. ಗೆರೆ ಸೊಟ್ಟಗಾಯಿತು. ಅಷ್ಟರಲ್ಲಿ ಅವರ ಕೈ ಬಂತು. ನನ್ನ ಬೆರಳಿನಿಂದ ಪೆನ್ಸಿಲ್ ತೆಗೆದುಕೊಂಡು, "ಹೀಗೆ ಮೇಡಂ" ಅಂತ ಒಂದೇ ಬೀಸಿಗೆ ಬುಡ ಬರೆದರು. ಬಾಯಿ ತಿದ್ದಿದರು. ಪಕ್ಕಕ್ಕೆ ಸ್ವಲ್ಪ ಶೇಡಿಂಗನ್ನೂ ಕೊಟ್ಟರು. ಬಹಳ ಚಂದದ ಲೋಟ.

ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಐವತ್ತು ದಾಟಿದ ನನಗೂ ಆ ಕ್ಷಣ ಸಣ್ಣದಾಗಿ ಅವಮಾನ ಆಯಿತು. ಇನ್ನೊಂದು ಗೆರೆ ಎಳೆಯುವ ಮನಸ್ಸಾಗಲಿಲ್ಲ. ಅದನ್ನೇ ಹೇಳಿದೆ. "ಕ್ಲಾಸಲ್ಲೂ ಹೀಗೇ ಮಾಡ್ತೀರಾ?"

ಅವರು ಬಹಳ ಹೊತ್ತು ಲೋಟವನ್ನೇ ನೋಡಿದರು. ಆಮೇಲೆ ಬರದೇ ಹೋದ ಹುಡುಗಿಯ ಕಥೆ ಹೊರಗೆ ಬಂತು. ಅವಳು ಎರಡು ಗಂಟೆ ಕೂತು ತನ್ನದೇ ಚಪ್ಪಲಿಯ ಚಿತ್ರ ಬರೆದಿದ್ದಳು. ಇವರು ಹತ್ತು ನಿಮಿಷದಲ್ಲಿ ತಿದ್ದಿ ಗೋಡೆಗೆ ಅಂಟಿಸಿದ್ದರು. ಎಲ್ಲರೂ ಅವಳನ್ನು ಹೊಗಳಿದರು. ಮಾರನೇ ವಾರದಿಂದ ಅವಳು ಬರಲಿಲ್ಲ.

ಎಲ್ಲದಕ್ಕೂ ಬಾಲ್ಯವನ್ನೇ ಹೊಣೆ ಮಾಡುವ ಚಾಳಿ ನನಗಿಲ್ಲ. ಇಲ್ಲಿ ಕಾರಣ ಇನ್ನೂ ಹತ್ತಿರದಲ್ಲಿತ್ತು. ಸೆಮಿಸ್ಟರ್ ಕೊನೆಗೆ ಮಕ್ಕಳ ಚಿತ್ರಗಳ ಪ್ರದರ್ಶನ. ಹೆಚ್‌ಒಡಿ (ವಿಭಾಗದ ಮುಖ್ಯಸ್ಥರು) ಬಂದು ನೋಡುತ್ತಾರೆ. ಮುಂದಿನ ವರ್ಷ ಮೇಷ್ಟ್ರನ್ನು ಮತ್ತೆ ಕರೆಯುತ್ತಾರೋ ಇಲ್ಲವೋ ಅನ್ನುವುದು ಆ ಗೋಡೆಯ ಮೇಲಿದೆ ಅಂತ ಇವರು ನಂಬಿದ್ದರು. ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಅತಿಥಿ ಉಪನ್ಯಾಸಕರ ಪಾಡು ಗೊತ್ತಿದ್ದವರು ಅವರನ್ನು ಬೈಯಲಾರರು.

ನಾನು ಕೊಟ್ಟ ಮೊದಲ ಸಲಹೆ ಒಂದೇ. ಆರು ವಾರ ಯಾವ ಮಗುವಿನ ಹಾಳೆಯನ್ನೂ ಮುಟ್ಟಬೇಡಿ. ತೋರಿಸಲೇಬೇಕಾದರೆ ನಿಮ್ಮ ಜೇಬಿನಲ್ಲಿ ಸಣ್ಣ ಪುಸ್ತಕ ಇರಲಿ, ಅದರಲ್ಲಿ ಬರೆದು ತೋರಿಸಿ. ಕೈ ತಡೆಯದಿದ್ದರೆ ಹಿಂದಕ್ಕೆ ಕಟ್ಟಿಕೊಳ್ಳಿ.

"ಆಗ ಹಾಳೆಗಳು ಕೆಟ್ಟದಾಗಿರುತ್ತವಲ್ಲ ಮೇಡಂ?"

"ಇರಲಿ. ಹದಿನೆಂಟರ ಹುಡುಗರ ಕೈ ಹತ್ತು ವರ್ಷಕ್ಕೇ ನಿಂತುಹೋಗಿರುತ್ತೆ. ಕಣ್ಣಿಗೆ ಮಾತ್ರ ಹದಿನೆಂಟು ವರ್ಷ. ತಾವು ಬರೆದದ್ದು ಕೆಟ್ಟದಾಗಿದೆ ಅಂತ ನೀವು ಹೇಳೋ ಮೊದಲೇ ಅವರಿಗೆ ಗೊತ್ತಿರುತ್ತೆ, ಅಲ್ವಾ?"

ಡ್ರಾಯಿಂಗ್ ಅಭ್ಯಾಸಗಳೆಲ್ಲ ಅವರಿಗೇ ಗೊತ್ತಿದ್ದವು. "ಮಕ್ಕಳಾಟ" ಅಂತ ಪಕ್ಕಕ್ಕಿಟ್ಟಿದ್ದರು. ಅವನ್ನೇ ಮುಂದಕ್ಕೆ ತನ್ನಿ ಅಂದೆ. ಮೊದಲ ಎರಡು ವಾರ ಮಾರ್ಕ್ಸ್ ಇಲ್ಲ, ಗೋಡೆಗೆ ಅಂಟಿಸುವುದಿಲ್ಲ, ರಬ್ಬರ್ ಬ್ಯಾಗಿನಲ್ಲೇ ಇರುತ್ತದೆ. ತಪ್ಪು ಗೆರೆ ಇರಲಿ, ಅದರ ಪಕ್ಕದಲ್ಲೇ ಸರಿ ಗೆರೆ. ಹಾಳೆ ನೋಡದೆ, ತಮ್ಮ ಎಡಗೈಯನ್ನೇ ನೋಡುತ್ತ ಅದರ ಅಂಚು ಬರೆಯುವುದು. ಇದರಲ್ಲಿ ಎಲ್ಲರದೂ ಸೊಟ್ಟಗೇ ಬರುತ್ತದೆ, ಹಾಗಾಗಿ ಯಾರಿಗೂ ನಾಚಿಕೆ ಇಲ್ಲ. ಕುರ್ಚಿಯನ್ನು ಬಿಟ್ಟು ಕುರ್ಚಿಯ ಕಾಲುಗಳ ನಡುವಿನ ಖಾಲಿ ಜಾಗ ಬರೆಯುವುದು. ಚಿತ್ರವೊಂದನ್ನು ತಲೆಕೆಳಗೆ ಇಟ್ಟು ನೋಡಿ ಬರೆಯುವುದು. ಆಗ ಅದು ಮೂಗು, ಇದು ಕಣ್ಣು ಅಂತ ತಲೆ ಹೇಳುವುದು ಕಮ್ಮಿಯಾಗುತ್ತದೆ, ಬರೀ ಗೆರೆ ಕಾಣುತ್ತದೆ.

ಶುಂಠಿಯ ಉಪಾಯ ಮಾತ್ರ ಅವರದೇ. ನಮ್ಮ ಜಿಲ್ಲೆಯಲ್ಲಿ ಶುಂಠಿ ಬೆಳೆಗೇನು ಬರ ಇಲ್ಲ. ಮಕ್ಕಳ ಪೈಕಿ ಹಲವರ ಮನೆಯಲ್ಲೇ ಬೆಳೆಯುತ್ತಾರೆ. ಆಪಲ್ ಅಂದರೆ ಎಲ್ಲರ ತಲೆಯಲ್ಲೂ ಒಂದು ರೆಡಿಮೇಡ್ ಆಪಲ್ ಇರುತ್ತದೆ. ಶುಂಠಿಗೆ ಅಂಥ ಆಕಾರವೇ ಇಲ್ಲ. ನೋಡದೆ ಬರೆಯಲು ಆಗುವುದೇ ಇಲ್ಲ. ತಪ್ಪಿದರೂ ಅದು ಇನ್ನೊಂದು ಶುಂಠಿ! ಅವರು ಇದನ್ನು ಹೇಳುವಾಗ ಹೊಟ್ಟೆ ಹಿಡಿದುಕೊಳ್ಳದೇ ಕೂತದ್ದನ್ನು ಗಮನಿಸಿದೆ.

ಮಾತಿನ ಬಗ್ಗೆಯೂ ಸ್ವಲ್ಪ ಕೆಲಸ ಮಾಡಿದೆವು. "ಇದು ತಪ್ಪು" ಅನ್ನುವ ಬದಲು ಅಳತೆ ಕೇಳುವುದು. ಮೊಣಕೈ ಮಡಿಸದೆ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ ನೋಡು, ಲೋಟದ ಅಗಲ ಎತ್ತರದಲ್ಲಿ ಎಷ್ಟು ಸಲ ಹಿಡಿಯುತ್ತೆ? ಉತ್ತರ ಸಿಕ್ಕಾಗ ಹುಡುಗನೇ ತನ್ನ ಗೆರೆ ತಿದ್ದಿಕೊಳ್ಳುತ್ತಾನೆ. ಮೊದಲ ದಿನದ ಹಾಳೆಗೆ ತಾರೀಖು ಹಾಕಿ ಎತ್ತಿಡಿ, ಕೊನೆಯ ವಾರ ಅದೇ ವಸ್ತು ಮತ್ತೆ ಬರೆಸಿ, ಪ್ರದರ್ಶನದಲ್ಲಿ ಎರಡನ್ನೂ ಜೊತೆಗೇ ಹಾಕಿ ಅಂದೆ. ಹೆಚ್‌ಒಡಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ಇಲ್ಲ.

ಹುಡುಗಿಯ ವಿಷಯ ಸೂಕ್ಷ್ಮ. ಕ್ಲಾಸಿನ ಎದುರು ಕ್ಷಮೆ ಕೇಳಬೇಡಿ, ಅದು ಅವಳನ್ನು ಮತ್ತೆ ಗೋಡೆಗೆ ಅಂಟಿಸಿದಂತೆ ಅಂದೆ. ಅವರು ಒಬ್ಬ ಮೇಡಂ ಜೊತೆಗಿರುವಾಗ ಅವಳನ್ನು ಮಾತಾಡಿಸಿದರು. "ನಿನ್ನ ಹಾಳೆ ಮೇಲೆ ನಾನು ಬರೆಯಬಾರದಿತ್ತಮ್ಮಾ" ಅಂದರಂತೆ. ಅವಳು, "ಅದರ ಕೆಳಗೆ ನನ್ನ ಹೆಸರಿತ್ತು ಸಾರ್" ಅಂದಳಂತೆ.

ಈ ಮಾತು ಅವರನ್ನು ಬಿಡಲಿಲ್ಲ. ಮುಂದಿನ ಭೇಟಿಗೆ ಬಂದಾಗ ಬೇಲೂರಿನ ಮಾತು ತೆಗೆದರು. ಅಲ್ಲಿನ ಮದನಿಕೆಗಳ ಕೆಳಗೆ ಶಿಲ್ಪಿಗಳ ಹೆಸರು ಕೆತ್ತಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಇಬ್ಬರದೂ ಇದೆ. ದೇವಸ್ಥಾನ ಪ್ರತಿಷ್ಠೆಯಾದದ್ದು 1117ರಲ್ಲಿ. "ನೂರಾರು ಸಲ ಹೋಗಿದ್ದೀನಿ ಮೇಡಂ. ಅಪ್ಪನ ಕೆಲಸದ ಕೆಳಗೆ ಅಪ್ಪನ ಹೆಸರು, ಮಗನ ಕೆಲಸದ ಕೆಳಗೆ ಮಗನದೇ ಹೆಸರು ಯಾಕಿದೆ ಅಂತ ಯೋಚಿಸಿರಲಿಲ್ಲ." ನಾನು ಏನೂ ಸೇರಿಸಲಿಲ್ಲ.

ಹುಡುಗಿ ವಾಪಸ್ ಬಂದಳು. ಕೊನೆಯ ಬೆಂಚು, ಹಾಳೆ ಬೋರಲು. ಅದು ಹಾಗೇ ಇರಲಿ ಅಂದೆ. ಹೊಟ್ಟೆನೋವು ಐದನೇ ವಾರದ ಹೊತ್ತಿಗೆ ಬಹುಪಾಲು ಹೋಗಿತ್ತು.

ಪ್ರದರ್ಶನದ ಹಿಂದಿನ ರಾತ್ರಿ ಅವರು ಕೈ ತಡೆಯಲಾರದೆ ನಾಲ್ಕು ಹಾಳೆ ತಿದ್ದಿಬಿಟ್ಟರು. ಬೆಳಗ್ಗೆ ಏಳಕ್ಕೇ ನನಗೆ ಫೋನು. ಆ ನಾಲ್ವರನ್ನು ಕರೆದು ನಿಜ ಹೇಳಿ, ಹೊಸ ಹಾಳೆ ಕೊಡಿ, ಬೇಕಾದವರು ಬರೆಯಲಿ ಅಂದೆ. ಇಬ್ಬರು ಕೂತು ಮತ್ತೆ ಬರೆದರು. ಇನ್ನಿಬ್ಬರು, "ಇರ್ಲಿ ಬಿಡಿ ಸಾರ್, ನೀವು ಬರೆದಿದ್ದೇ ಚೆನ್ನಾಗಿದೆ" ಅಂದರಂತೆ. ಕಾಲೇಜಿನಿಂದ ಮುಂದಿನ ವರ್ಷದ ಸುದ್ದಿ ಇನ್ನೂ ಬಂದಿಲ್ಲ. ತಿಂಗಳಿಗೊಮ್ಮೆ ಬಂದು ಹೋಗಿ ಅಂತ ಹೇಳಿದ್ದೇನೆ.